ಮಗಳಿಗೊಂದು ಪತ್ರ: ಜೀಪು ಮಾಮನಿಗೆ ಶಾಲು ಹೊದಿಸಿದರು

ಮಡಿಕೇರಿ

ಪ್ರೀತಿಯ ಪೂವಿ,

ನಿನ್ನೆ ಫೋನಿನಲ್ಲಿ ಅರ್ಧ ಹೇಳಿ ಇಟ್ಟುಬಿಟ್ಟೆ. ನಿನಗೆ ಪರೀಕ್ಷೆ, ನನಗೆ ಗಂಟಲು ಕಟ್ಟಿತ್ತು. ಉಳಿದದ್ದನ್ನು ಈಗ ಬರೆಯುತ್ತಿದ್ದೇನೆ.

ಇಲ್ಲಿನ ಕಾಲೇಜಿನವರು ಸಮಾಜಕ್ಕಾಗಿ ದುಡಿದ ನಾಲ್ವರನ್ನು ಕರೆದು ಸನ್ಮಾನ ಮಾಡಿದರು. ಯಾರಿಂದಲೂ ಅರ್ಜಿ ಕೇಳಿರಲಿಲ್ಲ. ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಮಕ್ಕಳೇ ಊರೂರು ಸುತ್ತಿ, ಜನರನ್ನು ಕೇಳಿ ಹೆಸರು ತಂದಿದ್ದರು. 1969ರಲ್ಲಿ, ಗಾಂಧೀಜಿ ಹುಟ್ಟಿ ನೂರು ವರ್ಷವಾದಾಗ ಶುರುವಾದ ಯೋಜನೆ ಅದು. ನಮ್ಮ ಕಾಲದಲ್ಲಿ ಕ್ಯಾಂಪ್ ಅಂದರೆ ರಸ್ತೆ ಗುಡಿಸುವುದು, ಗಿಡ ನೆಡುವುದು. ಈ ಮಕ್ಕಳು ಮಾಡಿದ್ದು ಅದಕ್ಕಿಂತ ದೊಡ್ಡ ಕೆಲಸ ಅನ್ನಿಸಿತು ನನಗೆ.

ಪ್ರಿನ್ಸಿಪಾಲರು ಕಾರ್ಯಪ್ಪನವರಿಂದ ಶುರು ಮಾಡಿದರು. 1949ರ ಜನವರಿ 15ರಂದು ಅವರು ನಮ್ಮ ಸೇನೆಯ ಮೊದಲ ಭಾರತೀಯ ಮುಖ್ಯಸ್ಥರಾದದ್ದು, ಆ ದಿನವೇ ಇವತ್ತಿಗೂ ಸೇನಾ ದಿನವಾಗಿರುವುದು. ಕೊಡವ ಹೆಂಗಸರ ಕುಣಿತ ಉಮ್ಮತ್ತಾಟ್‌ಗಾಗಿ ರಾಣಿ ಮಾಚಯ್ಯನವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದನ್ನೂ ಹೇಳಿದರು. ಆಮೇಲೆ ವೇದಿಕೆ ಹತ್ತಿದವರು ಮಾತ್ರ ದಿನಾ ಪೇಟೆಯಲ್ಲಿ ಸಿಗುವ ಮುಖಗಳು. ಅವರಲ್ಲೊಬ್ಬರು ಆಶಾ ಕಾರ್ಯಕರ್ತೆ. ತೋಟದ ಲೈನ್ ಮನೆಗಳಿಗೆ ನಡೆದೇ ಹೋಗಿ, ಆರು ತಿಂಗಳೂ ಎದುರಿಗೇ ನಿಂತು ಕ್ಷಯದ ಮಾತ್ರೆ ನುಂಗಿಸುತ್ತಾರೆ. ಕೆಮ್ಮು ನಿಂತ ಕೂಡಲೇ ಜನ ಮಾತ್ರೆ ಬಿಡ್ತಾರಲ್ವಾ, ಆಗ ರೋಗ ಮದ್ದಿಗೆ ಬಗ್ಗದ ಹಾಗೆ ತಿರುಗಿ ಬರಬಹುದು. ಅದಕ್ಕೇ ಅಷ್ಟು ಓಡಾಟ.

ಕೊನೆಗೆ ಕರೆದದ್ದು ನಮ್ಮ ಜೀಪು ಮಾಮನನ್ನು.

ಸನ್ಮಾನ ಪತ್ರದಲ್ಲಿ ಅವರ ಬಗ್ಗೆ ಒಂದೇ ಸಾಲು. 2018ರ ಆಗಸ್ಟ್ ಮಳೆಯಲ್ಲಿ ಸಂತ್ರಸ್ತರಿಗೆ ನೆರವಾದವರು, ಅಂತ. ಆ ಸಾಲಿನೊಳಗೆ ನೀನಿದ್ದೆ ಪೂವಿ. ಆಗ ನೀನು ನಾಲ್ಕನೇ ಕ್ಲಾಸು. ಮಕ್ಕಂದೂರಿನ ಮನೆ ಹಿಂದೆ ಗುಡ್ಡದ ಬರೆ ಕುಸಿದಾಗ ಕರೆಂಟಿಲ್ಲ, ಫೋನಿಲ್ಲ. ರಸ್ತೆ ಕಡಿದ ಜಾಗದಲ್ಲಿ ಜೀಪು ಬಿಟ್ಟು, ಟಾರ್ಚ್ ಹಿಡಿದು ಕೆಸರಿನಲ್ಲಿ ಹತ್ತಿ ಬಂದರು. ಅಜ್ಜಿಯನ್ನು ಬೆನ್ನ ಮೇಲೆ ಹೊತ್ತರು. ಕರಿಯನನ್ನು ಬಿಟ್ಟು ಬರಲ್ಲ ಅಂತ ನೀನು ಅತ್ತದ್ದು ನೆನಪಿದೆಯಾ? ಬೆಳಗ್ಗೆ ಮತ್ತೆ ಆ ಗುಡ್ಡ ಹತ್ತಿ ನಾಯಿಯನ್ನೂ ತಂದುಕೊಟ್ಟರು.

ಇಷ್ಟು ನನಗೆ ಗೊತ್ತಿತ್ತು. ಗೊತ್ತಿಲ್ಲದ್ದನ್ನು ಅವರ ಬಗ್ಗೆ ಬರೆದ ಎನ್‌ಎಸ್‌ಎಸ್ ಹುಡುಗ ಊಟದ ಹೊತ್ತಿಗೆ ಹೇಳಿದ. ಆಮೇಲೆ ಹನ್ನೊಂದು ದಿನ ಅವರು ಸಂತ್ರಸ್ತರ ಕ್ಯಾಂಪಿನಿಂದ ಆಸ್ಪತ್ರೆಗೆ ತಮ್ಮದೇ ಡೀಸೆಲ್ ಹಾಕಿ ಜನರನ್ನು ಸಾಗಿಸಿದರಂತೆ. ದುಡಿಮೆ ನಿಂತು, ಜೀಪಿನ ಸಾಲದ ಕಂತಿಗೆ ಅತ್ತೆಯ ಬಳೆ ಅಡವಿಟ್ಟರಂತೆ. ಅದೇ ತಿಂಗಳು ನಾವು ಅವರ ಮನೆಯಲ್ಲೇ ಕೂತು ಕಾಫಿ ಕುಡಿದಿದ್ದೆವು. ಅತ್ತೆಯ ಬರಿಗೈ ನನ್ನ ಕಣ್ಣಿಗೆ ಬೀಳಲಿಲ್ಲ. ಇಷ್ಟು ವರ್ಷ ಒಂದು ಮಾತು ಕೇಳಲಿಲ್ಲ ನಾನು. ಇಪ್ಪತ್ತು ವರ್ಷದ ಹುಡುಗ, ಯಾರೋ ಏನೋ, ಎರಡು ಸಂಜೆ ಅವರ ಜಗಲಿಯಲ್ಲಿ ಕೂತು ಕೇಳಿದ್ದಾನೆ. ನಿನ್ನೆ ಗಂಟಲು ಕಟ್ಟಿದ್ದು ಅದಕ್ಕೇ.

ಶಾಲು ಹೊದ್ದುಕೊಂಡೇ ಮಾಮ ನನ್ನ ಹತ್ತಿರ ಬಂದು ಮೊದಲು ಕೇಳಿದ್ದು, "ಪೂವಿ ಹೇಗಿದ್ದಾಳೆ?"

ರಾತ್ರಿ ಎಂಟರ ಮೇಲೆ ಜೀಪು ನಿಲ್ಲಿಸಿ ಮನೆಯಲ್ಲಿರುತ್ತಾರೆ. ಪರೀಕ್ಷೆ ಮುಗಿದ ದಿನವೇ ಫೋನ್ ಮಾಡು. ಅತ್ತೆಯ ಹತ್ತಿರವೂ ಮಾತಾಡು, ಸ್ವಲ್ಪ ಜಾಸ್ತಿ ಹೊತ್ತು.

ನಿನ್ನ,
ಅಮ್ಮ