ಆ ರಾತ್ರಿ ಮನೆಗೆ ಹೋಗದೆ ಉಳಿದವರಿಗೆ

ಸೋಮವಾರ ನಾನು ವಿನ್ಯಾಸ ಮಾಡಿದ ಹೊಸ ಎಂಜಿನಿಯರಿಂಗ್ ಕಟ್ಟಡದಲ್ಲಿ ಮೊದಲ ಕ್ಲಾಸ್ ನಡೆಯಿತು. ಹಿಂದಿನ ಬೆಂಚಿನಲ್ಲಿ ಸುಮ್ನೆ ಕೂತು ನೋಡುತ್ತಿದ್ದೆ. ಐದು ವರ್ಷ ಡ್ರಾಯಿಂಗ್‌ನಲ್ಲಿ ಮಾತ್ರ ಇದ್ದ ಕೋಣೆಯಲ್ಲಿ ಮಕ್ಕಳು ಬ್ಯಾಗ್ ಇಟ್ಟು ಜಾಗ ಹಿಡಿಯುತ್ತಿದ್ದರು. ಮಧ್ಯೆ ಕೆಲಸ ನಿಂತಿದ್ದು, ಮತ್ತೆ ಶುರುವಾಗಿದ್ದು ನಿಮಗೆಲ್ಲ ಗೊತ್ತೇ ಇದೆ.

ಸ್ಟ್ರಕ್ಚರಲ್ ಎಂಜಿನಿಯರ್‌ಗಳಿಗೆ, ಡಕ್ಟ್ ಪೈಪುಗಳ ದಾರಿಗಾಗಿ ಹತ್ತಾರು ಸಲ ಡ್ರಾಯಿಂಗ್ ತಿದ್ದಿದವರಿಗೆ, ಮೇಸ್ತ್ರಿಗಳಿಗೆ, ಫೈಲ್ ಹಿಡಿದು ಓಡಾಡಿದವರಿಗೆ, ನನ್ನ ಮನೆಯವರಿಗೆ ಮನಸಾರೆ ಧನ್ಯವಾದ.

ಒಬ್ಬರ ಬಗ್ಗೆ ಮಾತ್ರ ಜಾಸ್ತಿ ಬರೆಯಬೇಕು. ಲ್ಯಾಬ್ ನೋಡಿಕೊಳ್ಳುವ ಮೇಡಂ. ಹೆಸರು ಹಾಕಬೇಡಿ ಅಂದಿದ್ದಾರೆ.

ಮೊದಲ ಮೀಟಿಂಗ್‌ನಲ್ಲಿ ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ಕಟ್ಟಡದ ಚಿತ್ರ ತೋರಿಸಿದ್ದೆ. ವಾಸ್ತುಶಿಲ್ಪಿಗಳಾದ ಸ್ಟರ್ಲಿಂಗ್ ಮತ್ತು ಗೋವನ್ ವಿನ್ಯಾಸ ಮಾಡಿ 1963ರಲ್ಲಿ ಮುಗಿದದ್ದು. ಎಲ್ಲರೂ ಗಾಜನ್ನೇ ಹೊಗಳಿದರು. ಗೋಪುರ ಯಾಕೆ ಅಷ್ಟು ಎತ್ತರ ಅಂತ ಕೇಳಿದ್ದು ಮೇಡಂ ಒಬ್ಬರೇ. ತುದಿಯಲ್ಲಿ ನೀರಿನ ಟ್ಯಾಂಕ್ ಇದೆ, ಕೆಳಗೆ ನೀರಿನ ಹರಿವಿನ ಪ್ರಯೋಗ ಮಾಡುವ ಹೈಡ್ರಾಲಿಕ್ಸ್ ಲ್ಯಾಬಿಗೆ ಒತ್ತಡ ಬೇಕಲ್ವಾ ಅಂದೆ. "ಹಾಗಾದ್ರೆ ನಮ್ಮ ಮಷೀನ್‌ಗಳಿಗೆ ಏನು ಬೇಕು ಅಂತ ಮೊದಲು ನೋಡಿ ಬನ್ನಿ" ಅಂದರು. ಒಂದು ವಾರ ಅವರ ಹಿಂದೆಯೇ ಸುತ್ತಿದೆ. ಮಷೀನ್ ಒಳಗೆ ತರುವುದನ್ನು ನಾನು ಯೋಚಿಸಿದ್ದೆ. ಹಳತಾದ ಮೇಲೆ ಹೊರಗೆ ಸಾಗಿಸುವುದು ಹೇಗೆ ಅಂತ ಕೇಳಿದವರು ಅವರು. ಬಾಗಿಲುಗಳ ಅಗಲ ಬದಲಾಗಿದ್ದು ಹಾಗೆ.

ಇನ್ನು ಆ ರಾತ್ರಿ. ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಇಡುವ ನೆಲ ಸ್ವಲ್ಪ ಅದುರಿದರೂ ಅದರ ಚಿತ್ರ ಕಲಸಿಹೋಗುತ್ತದೆ. ಆ ಕೋಣೆಯಲ್ಲಿ ನೆಲದ ಕಂಪನದ ವೇಗ ಸೆಕೆಂಡಿಗೆ 6.25 ಮೈಕ್ರೋಮೀಟರ್ (ಮಿಲಿಮೀಟರಿನ ಸಾವಿರದ ಒಂದು ಭಾಗ ಒಂದು ಮೈಕ್ರೋಮೀಟರ್) ದಾಟಬಾರದಿತ್ತು. ನಮಗೆ ಕಂಪನ ಅಂತ ಗೊತ್ತಾಗುವುದೇ ಸುಮಾರು 100ರ ಹೊತ್ತಿಗೆ. ಅದಕ್ಕೇ ಆ ಕೋಣೆಯ ನೆಲದ ಸ್ಲ್ಯಾಬನ್ನು ಸುತ್ತ ಸಂದು ಬಿಟ್ಟು, ಕಟ್ಟಡಕ್ಕೆ ತಾಗದಂತೆ ಹಾಕಿದ್ದೆವು. ಆದರೂ ಮೀಟರ್ 14 ತೋರಿಸಿತು. ಬೆಳಗಾದರೆ ಪರಿಶೀಲನೆ. ಹನ್ನೊಂದರ ಹೊತ್ತಿಗೆ ಒಬ್ಬೊಬ್ಬರಾಗಿ ಎಲ್ಲರೂ ಹೊರಟರು. ನಾನು ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಈ ಕೆಲಸಕ್ಕೆ ನಾನು ಲಾಯಕ್ಕಿಲ್ಲ ಅನ್ನಿಸಿತ್ತು. ಇವತ್ತಿಗೂ ಆ ಮೆಟ್ಟಿಲು ಹತ್ತುವಾಗ ಎದೆ ಭಾರವಾಗುತ್ತದೆ.

ಮೇಡಂ ಸಮಾಧಾನ ಹೇಳಲಿಲ್ಲ. ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂತರು. ಆಮೇಲೆ, "ಏಳಿ, ಒಂದೊಂದೇ ಫ್ಯಾನ್ ಆಫ್ ಮಾಡಿ ನೋಡೋಣ" ಅಂದರು. ಅವರು ಮೀಟರ್ ಹತ್ತಿರ, ನಾನು ಫೋನ್ ಹಿಡಿದು ಮಹಡಿಯ ಮೇಲೆ, ಕಟ್ಟಡಕ್ಕೆ ಗಾಳಿ ಕಳಿಸುವ ಫ್ಯಾನ್‌ಗಳ ಹತ್ತಿರ. ಮೂರನೇ ಫ್ಯಾನ್ ಆಫ್ ಆದ ಕೂಡಲೇ ಅಳತೆ ಇಳಿಯಿತು. ಅಂದರೆ ಮೇಲಿನ ಅದುರು ಎಲ್ಲೋ ಸಂದು ದಾಟಿ ಸ್ಲ್ಯಾಬಿಗೆ ಬರುತ್ತಿತ್ತು. ಇಬ್ಬರೂ ನೆಲಕ್ಕೆ ಮಂಡಿಯೂರಿ, ಟಾರ್ಚ್ ಬೆಳಕು ಬಿಟ್ಟು, ತಂತಿ ಆಡಿಸುತ್ತಾ ಸಂದನ್ನು ಹುಡುಕಿದೆವು. ಮೂರೂವರೆಗೆ ಒಂದು ಮೂಲೆಯಲ್ಲಿ ತಂತಿ ತಡೆಯಿತು. ಗಾರೆ ಬಿದ್ದು ಗಟ್ಟಿಯಾಗಿತ್ತು, ಒಂದು ಗೇಣಿನಷ್ಟು. ಅದನ್ನು ಕೆತ್ತಿ ತೆಗೆದು, ಎಲ್ಲ ಫ್ಯಾನ್ ಹಾಕಿ ನೋಡಿದರೆ 5.

ತಪ್ಪು ನನ್ನದೇ. ಸಂದನ್ನು ಡ್ರಾಯಿಂಗ್‌ನಲ್ಲಿ ತೋರಿಸಿದ್ದೆ. ಕೆಲಸ ನಡೆಯುವಾಗ ಅದನ್ನು ಮುಚ್ಚಿಡಬೇಕು ಅಂತ ಬರೆದಿರಲಿಲ್ಲ. ಮೇಡಂ ಇದನ್ನು ಒಂದು ಸಲವೂ ಎತ್ತಿ ಆಡಲಿಲ್ಲ.

ನಾಲ್ಕು ತಿಂಗಳಲ್ಲಿ ಅವರು ನಿವೃತ್ತರಾಗುತ್ತಾರೆ. ಮೇಡಂ, ಗುರುವಾರ ಮೈಕ್ರೋಸ್ಕೋಪ್ ಬರುತ್ತದೆ. ಬಾಗಿಲು ನೀವು ಹೇಳಿದಷ್ಟೇ ಅಗಲ ಇದೆ. ನೀವೇ ಬಂದು ತೆಗೆಯಬೇಕು.