ಸಿಮೆಂಟ್ ಸಾಗಿಸಲು ರೈಲು ಬೇಕು

ಮಾನ್ಯ ಸಂಪಾದಕರೇ,

ಜೆಕೆ ಸಿಮೆಂಟ್ ಕಂಪನಿ ಬೆಳೆದ ಬಗೆ ನೋಡಿದರೆ ಖುಷಿಯಾಗುತ್ತದೆ. 1975ರಲ್ಲಿ ರಾಜಸ್ಥಾನದ ನಿಂಬಾಹೇಡಾದಲ್ಲಿ ಸಿಮೆಂಟ್ ತಯಾರಿಸಲು ಶುರು ಮಾಡಿ, 2009ರಲ್ಲಿ ನಮ್ಮ ಮುಧೋಳ ತಾಲ್ಲೂಕಿನ ಮುದ್ದಾಪುರಕ್ಕೆ ಬಂತು. ಅಷ್ಟು ದೂರದಿಂದ ಸುಮ್ನೆ ಬರಲಿಲ್ಲ. ಒಂದು ಟನ್ ಕ್ಲಿಂಕರ್ (ಅರೆದು ಸಿಮೆಂಟ್ ಮಾಡುವ ಸುಟ್ಟ ಉಂಡೆಗಳು) ತಯಾರಿಸಲು ಸುಮಾರು ಒಂದೂವರೆ ಟನ್ ಸುಣ್ಣದಕಲ್ಲು ಬೇಕು. ಕಲ್ಲನ್ನು ದೂರ ಹೊತ್ತರೆ ಗಿಟ್ಟುವುದಿಲ್ಲ. ಹಾಗಾಗಿ ಕಲ್ಲಿದ್ದಲ್ಲಿಗೆ ಕಾರ್ಖಾನೆಯೇ ಬರಬೇಕು. ಪಕ್ಕದ ಬೆಳಗಾವಿ ಜಿಲ್ಲೆಯ ಯಾದವಾಡಕ್ಕೆ ದಾಲ್ಮಿಯಾ ಸಿಮೆಂಟ್ ಕಂಪನಿ ಬಂದದ್ದೂ ಇದೇ ಲೆಕ್ಕದಲ್ಲಿ.

ಕಾರ್ಖಾನೆಗಳು ಬೆಳೆದವು, ರಸ್ತೆ ಅಷ್ಟೇ ಇದೆ. ಕಬ್ಬಿನ ಹಂಗಾಮಿನಲ್ಲಿ ಲೋಕಾಪುರ–ಮುಧೋಳ ರಸ್ತೆಯನ್ನೊಮ್ಮೆ ನೋಡಿ. ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್, ಅದರ ಬೆನ್ನಿಗೇ ಭಾರದ ಲಾರಿ, ನಡುವೆ ಬೈಕಿನ ಟ್ಯಾಂಕ್ ಮೇಲೆ ಮಗುವನ್ನು ಕೂರಿಸಿಕೊಂಡು ಶಾಲೆಗೆ ಹೊರಟ ಅಪ್ಪ. ಎದೆ ಝಲ್ ಎನ್ನುತ್ತದೆ.

ಬಾಗಲಕೋಟೆ–ಕುಡಚಿ ರೈಲು ಮಾರ್ಗಕ್ಕಾಗಿ ಈ ಭಾಗದ ಜನ ಎಷ್ಟು ಹೋರಾಡಿದ್ದಾರೆ ಅಂತ ಎಲ್ಲರಿಗೂ ಗೊತ್ತು. ಸುಮಾರು 142 ಕಿಲೋಮೀಟರ್‌ನ ಈ ಮಾರ್ಗ ಬರೀ ಪ್ರಯಾಣಿಕರಿಗಲ್ಲ. ಸಿಮೆಂಟ್, ಸಕ್ಕರೆ ಎರಡೂ ವ್ಯಾಗನ್ ಏರಿದರೆ ಲಾರಿಗಳ ಕಾಟ ಎಷ್ಟೋ ತಗ್ಗುತ್ತದೆ, ಅಲ್ವಾ? ಮಾರ್ಗ ಹಾಕುವಾಗಲೇ ಸರಕು ತುಂಬುವ ಜಾಗ, ಗೋದಾಮು, ಕಾರ್ಖಾನೆಗಳಿಗೆ ಕವಲು ಹಳಿ ಎಲ್ಲವನ್ನೂ ಯೋಚಿಸಬೇಕು. ಜಿಲ್ಲಾಡಳಿತ, ರೈಲ್ವೆ ಇಲಾಖೆ ಮತ್ತು ಕಂಪನಿಗಳು ಒಟ್ಟಿಗೆ ಕೂತು ಮಾತಾಡಲಿ. ಜತೆಗೆ, ಇಲ್ಲಿನ ಐಟಿಐ ಹುಡುಗರಿಗೆ ಅಪ್ರೆಂಟಿಸ್ ಅವಕಾಶ ಜಾಸ್ತಿ ಸಿಗಲಿ. ಕಲ್ಲು ನಮ್ಮ ನೆಲದ್ದು, ಕೆಲಸದಲ್ಲೂ ನಮ್ಮ ಮಕ್ಕಳಿಗೆ ಪಾಲಿರಬೇಕು.

– ಓದುಗ, ಲೋಕಾಪುರ, ಬಾಗಲಕೋಟೆ ಜಿಲ್ಲೆ