ಧೈರ್ಯವಂತೆ ಅಂತ ಬೆನ್ನು ತಟ್ಬೇಡಿ, ಗ್ಲೌಸ್ ಹೆಂಗೆ ಬಿಚ್ಚಿದ್ಲು ನೋಡಿ

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಪುರವಣೀಲಿ ಬರ್ಲೆಸ್ಕ್ ಡ್ಯಾನ್ಸ್ ಮಾಡೋ ದಪ್ಪ ಹೆಂಗಸ್ರ ಬಗ್ಗೆ ಬಂದ ಲೇಖನ ಓದ್ದೆ, ಆಮೇಲೆ ಅದಕ್ಕೆ ಓದುಗರು ಬರೆದ ಪತ್ರಗಳನ್ನೂ ಓದ್ದೆ, ಎರಡೂ ಓದಿದ್ಮೇಲೆ ಸುಮ್ನೆ ಕೂರೋಕೆ ಆಗ್ಲಿಲ್ಲ. ನಾನೂ ಬರ್ಲೆಸ್ಕ್ ಮಾಡ್ತೀನಿ, ಅಂದ್ರೆ ಹಾಡಿಗೆ ತಕ್ಕಂಗೆ ನಿಧಾನಕ್ಕೆ ಒಂದೊಂದೇ ಬಟ್ಟೆ ಬಿಚ್ತಾ, ತಮಾಷೇನೂ ಸೇರಿಸಿ ಮಾಡೋ ಸ್ಟೇಜ್ ಡ್ಯಾನ್ಸು. ದಪ್ಪಗಿದೀನಿ, ಪ್ಲಸ್ ಸೈಜ್ ಅಂತ ನಯವಾಗಿ ಹೇಳ್ತಾರಲ್ಲ, ಅದೇ. ಹೆಸರು ಹಾಕ್ಬೇಡಿ ಅಂತ ಮೊದಲೇ ಕೇಳ್ಕೋತೀನಿ. ಈ ಫೀಲ್ಡಲ್ಲಿ ಹೆಚ್ಚಿನೋರಿಗೆ ಒಂದು ಸ್ಟೇಜ್ ಹೆಸರು ಇರುತ್ತೆ, ಮನೆ ಹೆಸರು ಸ್ಟೇಜಿಗೆ ಬರಲ್ಲ ಸ್ಟೇಜ್ ಹೆಸರು ಮನೆಗೆ ಬರಲ್ಲ, ಹಂಗೇ ಇರ್ಲಿ.

ಲೇಖನ ಒಳ್ಳೇ ಮನಸ್ಸಿಂದಾನೇ ಬರೆದಿದ್ದು, ಅದರಲ್ಲಿ ಡೌಟಿಲ್ಲ. ಆದ್ರೆ ಕಥೆ ಉಲ್ಟಾ ಇದೆ. ದಪ್ಪ ಹುಡುಗಿ ಕನ್ನಡಿ ಮುಂದೆ ನಿಂತು ಅತ್ಲು, ಒಂದಿನ ತನ್ನ ಮೈನ ಪ್ರೀತಿಸೋಕೆ ಕಲಿತ್ಲು, ಆ ಕಾನ್ಫಿಡೆನ್ಸ್ ಹೊತ್ಕೊಂಡು ಸ್ಟೇಜ್ ಹತ್ತಿದ್ಲು, ಇದು ನೀವು ಹೇಳಿದ ಕಥೆ. ನಂಗೊತ್ತಿರೋ ಯಾರಿಗೂ ಈ ಆರ್ಡರಲ್ಲಿ ಆಗಿಲ್ಲ. ನಾಚಿಕೆ ಪೂರ್ತಿ ಮೈಮೇಲೆ ಇಟ್ಕೊಂಡೇ ಹತ್ತಿದ್ದು ನಾವು, ಕೆಲಸ ಕಲೀತಾ ಕಲೀತಾ ನಾಚ್ಕೊಳೋಕೆ ಪುರುಸೊತ್ತಿಲ್ದೆ ಹೋಯ್ತು ಅಷ್ಟೇ.

ಹೆಂಗೆ ಅಂತ ಹೇಳ್ತೀನಿ. ದಪ್ಪಗಿರೋರು ಕೆಲವು ಕೆಲಸಗಳನ್ನ ತುಂಬಾ ಬೇಗ ಮಾಡೋದು ರೂಢಿ ಮಾಡ್ಕೊಂಡಿರ್ತಾರೆ, ಗಮನಿಸಿ ನೋಡಿ. ಟ್ರಯಲ್ ರೂಮಲ್ಲಿ ಕನ್ನಡಿಗೆ ಬೆನ್ನು ಹಾಕಿ ಸರಸರ ಬಟ್ಟೆ ಬದಲಾಯಿಸೋದು, ಗ್ರೂಪ್ ಫೋಟೋ ಅಂದ ತಕ್ಷಣ ಓಡಿ ಹಿಂದಿನ ಸಾಲಲ್ಲಿ ನಿಲ್ಲೋದು, ಯಾರಾದ್ರೂ ನೋಡ್ತಿದಾರೆ ಅನ್ಸಿದ್ರೆ ಹೊಟ್ಟೆ ಒಳಗೆಳ್ಕೊಂಡು ಉಸಿರು ಬಿಡದೇ ಮಾತು ಮುಗ್ಸೋದು. ಬರ್ಲೆಸ್ಕಲ್ಲಿ ಮೊದಲ್ನೇ ಪಾಠಾನೇ ನಿಧಾನ. ಮೊಣಕೈ ದಾಟಿ ಮೇಲೆ ಬರೋ ಉದ್ದ ಸ್ಯಾಟಿನ್ ಗ್ಲೌಸ್ ಇರುತ್ತಲ್ಲ, ಅದರಲ್ಲಿ ಒಂದನ್ನ ಬಿಚ್ಚೋಕೆ ಹಾಡಿನ ಒಂದು ಚರಣ ಪೂರ್ತಿ ತಗೋಬೇಕು. ಮೊದಲು ಒಂದೊಂದೇ ಬೆರಳಿನ ತುದಿ ಎಳೆದು ಸಡಿಲ ಮಾಡ್ಬೇಕು, ಆಮೇಲೆ ಮೇಲಿನ ಅಂಚು ಸ್ವಲ್ಪ ಜಾರಿಸ್ಬೇಕು, ನಡುವೆ ನಿಲ್ಲಿಸಿ ಎದುರಿಗೆ ಕೂತಿರೋರ ಮುಖ ನೋಡ್ಬೇಕು, ಅವರು ಇನ್ನೇನು ಬಿಚ್ತಾಳೆ ಅನ್ಕೊಂಡಾಗ ವಾಪಸ್ ಮೇಲಕ್ಕೆ ಎಳ್ಕೋಬೇಕು. ಆ ನಿಲ್ಲಿಸೋ ಜಾಗದಲ್ಲೇ ಇರೋದು ಆಟ ಎಲ್ಲಾ. ಬೇಗ ಬಿಚ್ಚಿದ್ರೆ ಅದು ಬಟ್ಟೆ ಬದಲಾಯಿಸಿದಂಗೆ ಕಾಣುತ್ತೆ, ಯಾರಿಗೆ ಬೇಕು ಅದು.

ಈಗ ಯೋಚನೆ ಮಾಡಿ, ನಾನು ಬುದ್ಧಿ ಬಂದಾಗಿಂದ ತೋಳಿಲ್ಲದ ಬಟ್ಟೆ ಹಾಕಿದವಳೇ ಅಲ್ಲ. ಎಂಥ ಸೆಕೆ ಇದ್ರೂ ಉದ್ದ ತೋಳು, ಮೇಲೊಂದು ಶಾಲು. ರೆಟ್ಟೆ ನನ್ನ ಮೈಯಲ್ಲಿ ನಂಗೆ ಅತೀ ಬೇಡವಾದ ಜಾಗ. ಗ್ಲೌಸ್ ಆಕ್ಟಲ್ಲಿ ಇಡೀ ಹಾಲ್ ನೋಡೋದು ಅದನ್ನೇ, ಬೇರೇನೂ ನೋಡೋಕೆ ಇರಲ್ಲ, ಲೈಟೂ ಅಲ್ಲೇ ಬೀಳುತ್ತೆ. ಮೊದಮೊದಲು ನಾನು ಗಾಬರಿಗೆ ಓಡಿಸ್ಕೊಂಡು ಮುಗಿಸ್ತಿದ್ದೆ, ಹೇಳಿಕೊಡೋರು ಬಿಡ್ತಿರ್ಲಿಲ್ಲ, ಎಣಿಸು ಎಂಟು ಎಣಿಸು, ಮತ್ತೆ ಎಂಟು ಎಣಿಸು ಅನ್ನೋರು. ಎಂಟು ಎಣಿಸೋವಾಗ ನನ್ನ ರೆಟ್ಟೆ ಹೆಂಗೆ ಕಾಣ್ತಿದೆ ಅಂತ ಯೋಚಿಸೋಕೆ ಆಗಲ್ಲ ಸ್ವಾಮಿ, ಎಣಿಕೆ ತಪ್ಪುತ್ತೆ. ಅದಲ್ದೇ ಬೆವರಿಗೆ ಸ್ಯಾಟಿನ್ ಅಂಟ್ಕೊಳುತ್ತೆ, ರೆಡಿಮೇಡ್ ಗ್ಲೌಸ್ ನಮ್ಮಂಥೋರ ರೆಟ್ಟೆಗೆ ಏರೋದೇ ಇಲ್ಲ, ಅರ್ಧಕ್ಕೆ ನಿಂತು ಮಾಂಸ ಕಚ್ಚುತ್ತೆ, ಹಂಗಾಗಿ ಸ್ಟ್ರೆಚ್ ಬಟ್ಟೆ ತಂದು ಅಳತೆಗೆ ಹೊಲಿಸ್ಬೇಕು. ಟೈಲರ್ ಟೇಪ್ ಹಿಡ್ಕೊಂಡು ಸುತ್ತಳತೆ ಎಷ್ಟು ಅಂತ ಕೇಳಿದಾಗ ಮುಂಚೆಲ್ಲಾ ನಾನು ಕಮ್ಮಿ ಹೇಳ್ತಿದ್ದೆ, ಈಗ ಕಮ್ಮಿ ಹೇಳಿದ್ರೆ ಸ್ಟೇಜ್ ಮೇಲೆ ಹೊಲಿಗೆ ಬಿಡುತ್ತೆ ಅಂತ ಗೊತ್ತು, ಅದಕ್ಕೆ ಸರಿಯಾದ ನಂಬರೇ ಹೇಳ್ತೀನಿ. ಆ ನಂಬರ್ ಬಾಯಲ್ಲಿ ಹೇಳಿ ಹೇಳಿ ಅದು ಬರೀ ನಂಬರ್ ಆಯ್ತು. ಇದನ್ನ ಬಾಡಿ ಕಾನ್ಫಿಡೆನ್ಸ್ ಅಂತಾರಾ ಏನೋ ನಂಗೊತ್ತಿಲ್ಲ, ಆದ್ರೆ ನಂಗೆ ಸಿಕ್ಕಿದ್ದು ಇದೇ ದಾರೀಲಿ.

ಬಟ್ಟೆ ವಿಷಯ ಬಂದಿದ್ದಕ್ಕೆ ಇನ್ನೊಂದೆರಡು ಮಾತು, ಯಾಕಂದ್ರೆ ಲೇಖನದಲ್ಲಿ ಮಿಂಚೋ ಡ್ರೆಸ್ ಅಂತ ಒಂದೇ ಮಾತಲ್ಲಿ ಮುಗಿಸಿಬಿಟ್ಟಿದೀರಿ. ಕಾರ್ಸೆಟ್, ಅಂದ್ರೆ ಸೊಂಟ ಬಿಗಿಯೋ ಅಂಗಿ, ಅದರೊಳಗೆ ಸ್ಟೀಲ್ ಪಟ್ಟಿ ಇರುತ್ತೆ, ಅಗ್ಗದ್ದು ತಗೊಂಡ್ರೆ ಪ್ಲಾಸ್ಟಿಕ್, ಅದು ಬಗ್ಗಿ ಸೊಂಟದ ಹತ್ರ ಚುಚ್ಚೋಕೆ ಶುರು ಮಾಡುತ್ತೆ. ಜಿಪ್ ನಾನು ನಂಬಲ್ಲ, ಮಧ್ಯದಲ್ಲಿ ಸಿಕ್ಕಾಕ್ಕೊಂಡ್ರೆ ಕಥೆ ಮುಗೀತು, ಹುಕ್ಕು ಇಲ್ಲಾ ಪ್ರೆಸ್ ಬಟನ್, ಅದೂ ಒಂದೇ ಕೈಲಿ ನೋಡ್ದೇ ಬಿಚ್ಚೋಕೆ ಬರ್ಬೇಕು. ಹೊಳೆಯೋ ಕಲ್ಲು ಒಂದೊಂದೇ ಅಂಟಿಸ್ಕೊಂಡು ರಾತ್ರಿಯೆಲ್ಲಾ ಕೂರ್ತೀವಿ. ತೊಡೆ ಉಜ್ಜಿ ಕೆಂಪಾಗದಂಗೆ ಪೌಡರ್, ಕುರ್ಚಿ ಮೇಲೆ ಮಾಡೋ ಆಕ್ಟಿದ್ರೆ ಮೊದಲೇ ಹೋಗಿ ಕೈಯಿಲ್ಲದ ಗಟ್ಟಿ ಕುರ್ಚಿ ಇದೆಯಾ ಅಂತ ಕೂತು ನೋಡೋದು, ಇಷ್ಟೆಲ್ಲಾ ಇದೆ. ಕುರ್ಚಿ ಕೇಳೋಕೆ ನಂಗೆ ಈಗ ಸಂಕೋಚ ಆಗಲ್ಲ, ಲೈಟು ಮೈಕು ಕೇಳಿದಂಗೇ ಕೇಳ್ತೀನಿ.

ಮತ್ತೆ ತೂಕ ಇರೋ ಮೈಗೆ ಒಂದು ಗುಣ ಇದೆ, ಅದನ್ನ ಯಾರೂ ಬರೆಯಲ್ಲ. ಉಯ್ಯಾಲೆ ಕಾಲಲ್ಲಿ ತಡೆದ್ರೂ ಇನ್ನೊಂದು ಸಲ ತೂಗುತ್ತಲ್ಲ, ಹಂಗೆ ನಾವು ನಿಂತ್ರೂ ಮೈ ತಕ್ಷಣ ನಿಲ್ಲಲ್ಲ. ಶಿಮ್ಮಿ, ಅಂದ್ರೆ ಮೈನ ಗಡಗಡ ಅಲುಗಿಸೋದು, ಅದನ್ನ ಮಾಡಿ ಡ್ರಮ್ ಪೆಟ್ಟಿಗೆ ಸರಿಯಾಗಿ ನಿಂತ್ರೆ ಹೊಟ್ಟೆ ಸೊಂಟ ಇನ್ನರ್ಧ ತಾಳ ಓಡುತ್ತೆ. ಬೇರೆ ಡ್ಯಾನ್ಸ್ ಕ್ಲಾಸಲ್ಲಿ ಇದನ್ನ ತಪ್ಪು ಅಂದಿದ್ರು, ಟೈಟಾಗಿ ಹಿಡ್ಕೋ ಅಂದಿದ್ರು. ಇಲ್ಲಿ ಆ ಅರ್ಧ ತಾಳಾನೇ ನಾವು ಬಳಸ್ಕೊಳ್ತೀವಿ, ನಾನು ನಿಂತು ನನ್ನ ಹೊಟ್ಟೆ ಕಡೆ ಒಂದು ನೋಟ ಹಾಕಿದ್ರೆ ಸಾಕು, ಹಾಲೆಲ್ಲಾ ಕೂಗುತ್ತೆ. ಎದೆಗೆ ಅಂಟಿಸ್ಕೊಳೋ ಕುಚ್ಚು, ಟ್ಯಾಸಲ್ ಅಂತೀವಿ, ಅದನ್ನ ತಿರುಗ್ಸೋದೂ ಅಷ್ಟೇ, ಎದೆ ಕೆಲಸ ಅನ್ಕೋತಾರೆ, ಅದು ಭುಜ ಮೊಣಕಾಲಿನ ಕೆಲಸ, ಮಾರನೇ ದಿನ ನೋಯೋದೂ ಅಲ್ಲೇ.

ಇನ್ನೊಬ್ಬ ಓದುಗರು ಇದೆಲ್ಲಾ ಇತ್ತೀಚಿನ ಫ್ಯಾಷನ್, ದಪ್ಪಗಿರೋರ್ನ ಸ್ಟೇಜಿಗೆ ಏರ್ಸೋದು ಈಗಿನ ಚಟ ಅಂತ ಬರೆದಿದಾರೆ. ಅವರಿಗೆ ಸ್ವಲ್ಪ ಹಳೇ ಕಥೆ ಹೇಳ್ಬೇಕು. 1868ರಲ್ಲಿ ಲಿಡಿಯಾ ಥಾಂಪ್ಸನ್ ಅನ್ನೋ ಇಂಗ್ಲಿಷ್ ನಟಿ ತಂಡ ಕಟ್ಕೊಂಡು ನ್ಯೂಯಾರ್ಕಿಗೆ ಬಂದ್ಲು, ಆಗಿನ ಬರ್ಲೆಸ್ಕ್ ಅಂದ್ರೆ ಗ್ರೀಕ್ ಪುರಾಣನ ಗೇಲಿ ಮಾಡೋ ನಾಟಕ, ಗಂಡಸ್ರ ಪಾತ್ರಾನೂ ಹೆಂಗಸ್ರೇ ಟೈಟ್ಸ್ ಹಾಕ್ಕೊಂಡು ಮಾಡೋದು, ಬರ್ಲೆಸ್ಕ್ ಅಮೆರಿಕಾದಲ್ಲಿ ಜೋರಾಗಿದ್ದೇ ಅಲ್ಲಿಂದ. ಆ ಕಾಲದ ಸ್ಟೇಜಲ್ಲಿ ಮೈಕೈ ತುಂಬ್ಕೊಂಡಿರೋ ನಟಿಯರಿಗೇ ಬೇಡಿಕೆ. ಅಂದಹಾಗೆ ಶಿಕಾಗೋದ ಪತ್ರಿಕೆಯೊಂದರ ಸಂಪಾದಕ ವಿಲ್ಬರ್ ಸ್ಟೋರಿ ಈ ತಂಡದ ಬಗ್ಗೆ ಕೀಳಾಗಿ ಬರೆದಿದ್ದಕ್ಕೆ 1870ರಲ್ಲಿ ಲಿಡಿಯಾ ಬೀದೀಲೇ ಅವರಿಗೆ ಕುದುರೆ ಚಾವಟಿ ತಗೊಂಡು ಬಾರಿಸಿದ್ಲು, ದಂಡಾನೂ ಕಟ್ಟಿದ್ಲು. ಹೆದರ್ಕೋಬೇಡಿ, ನಾನು ಬರೀ ಪತ್ರ ಬರೀತಿದೀನಿ.

ಆಮೇಲೆ 20ನೇ ಶತಮಾನದ ಶುರುವಲ್ಲಿ ಬಿಲ್ಲಿ ವಾಟ್ಸನ್ ಅನ್ನೋನು ಬೀಫ್ ಟ್ರಸ್ಟ್ ಅಂತ ಒಂದು ತಂಡ ಓಡಿಸ್ತಿದ್ದ, ಬೀಫ್ ಅಂದ್ರೆ ದನದ ಮಾಂಸ, ಅದರಲ್ಲಿದ್ದ ಹೆಂಗಸ್ರೆಲ್ಲಾ 200 ಪೌಂಡ್ ಆಸುಪಾಸು, ಅಂದ್ರೆ 90 ಕೆಜಿ. ಟಿಕೆಟ್ ಚೆನ್ನಾಗಿ ಹೋಗ್ತಿತ್ತು. ಆದ್ರೆ ಹೆಸರಲ್ಲೇ ಗೊತ್ತಾಗುತ್ತಲ್ಲ ಅವನು ಮಾರ್ತಿದ್ದಿದ್ದು ಏನು ಅಂತ. ಹಂಗಾಗಿ ದಪ್ಪಗಿರೋರು ಸ್ಟೇಜಲ್ಲಿ ಇದ್ದಾರೋ ಇಲ್ವೋ ಅನ್ನೋದು ಯಾವತ್ತೂ ಪ್ರಶ್ನೆ ಆಗಿರ್ಲಿಲ್ಲ, ಜೋಕ್ ಯಾರ ಕೈಲಿದೆ ಅನ್ನೋದು ಮುಖ್ಯ. ಇವತ್ತಿಗೂ ಕೆಲವು ಶೋ ನಡೆಸೋರು ನಮ್ಮನ್ನ ಕರೆಯೋದು ಕಾಮಿಡಿಗೇ, ಬಾಳೆಹಣ್ಣು ಕೇಕು ಇಟ್ಕೊಂಡು ಏನಾದ್ರೂ ಮಾಡು ಅಂತಾರೆ, ಒಂದು ಶೋಗೆ ಒಬ್ಬಳೇ ದಪ್ಪ ಹೆಂಗಸು, ಇನ್ನೊಬ್ಬಳು ಬಂದ್ರೆ ಆಲ್ರೆಡಿ ಒಬ್ರು ಇದ್ದಾರೆ ಅಂತಾರೆ. ತೆಳ್ಳಗಿರೋರು ನಾಲ್ಕು ಜನ ಸಾಲಾಗಿ ಬಂದಾಗ ಆಲ್ರೆಡಿ ಒಬ್ರು ಇದ್ದಾರೆ ಅಂದಿದ್ದು ನಾನಂತೂ ಕೇಳಿಲ್ಲ. ನಂಗೆ ಕಾಮಿಡಿ ಮಾಡೋಕೆ ಬರುತ್ತೆ, ಮಾಡ್ತೀನಿ ಕೂಡ, ಆದ್ರೆ ನಗು ಎಲ್ಲಿ ಬರ್ಬೇಕು ಅಂತ ನಾನೇ ಬರ್ಕೊಂಡಿರ್ತೀನಿ, ನಾನು ಬರೆಯದೇ ಇರೋ ಜಾಗದಲ್ಲಿ ನಗು ಬಂದ್ರೆ ಮೈ ಉರಿಯುತ್ತೆ.

1990ರ ದಶಕದಲ್ಲಿ ಬರ್ಲೆಸ್ಕ್ ಮತ್ತೆ ಎದ್ದಾಗ ಈ ಜಗ್ಗಾಟದಲ್ಲಿ ಗೆದ್ದೋರಲ್ಲಿ ನ್ಯೂಯಾರ್ಕಿನ ಡರ್ಟಿ ಮಾರ್ಟಿನಿ ಒಬ್ರು, ದೊಡ್ಡ ಮೈಯೋರು, 2004ರಲ್ಲಿ ಮಿಸ್ ಎಕ್ಸಾಟಿಕ್ ವರ್ಲ್ಡ್ ಅನ್ನೋ ಬರ್ಲೆಸ್ಕ್ ಸ್ಪರ್ಧೆಯ ಕಿರೀಟ ಅವರಿಗೇ ಬಂತು, ಈ ಫೀಲ್ಡಲ್ಲಿ ಅದಕ್ಕಿಂತ ದೊಡ್ಡದಿಲ್ಲ. ಅವರ ಬ್ಯಾಲೆ ಅಭ್ಯಾಸ ಅವರ ಕಾಲು ನೋಡಿದ್ರೇ ಗೊತ್ತಾಗುತ್ತೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹೆದರ್ ಮೆಕಾಲಿಸ್ಟರ್ ಅನ್ನೋರು ದಪ್ಪ ಹೆಂಗಸ್ರದ್ದೇ ಫ್ಯಾಟ್ ಬಾಟಮ್ ರೆವ್ಯೂ ಅಂತ ತಂಡ ಮಾಡಿದ್ರು. ಸ್ಟಾರ್ ಟ್ರೆಕ್ ಅನ್ನೋ ಅಮೆರಿಕಾ ಟಿವಿ ಸೀರಿಯಲ್ಲಿನ ಸ್ಪಾಕ್ ಪಾತ್ರದ ಲಿಯೊನಾರ್ಡ್ ನಿಮೊಯ್ ಗೊತ್ತಲ್ಲ, ಅವರು ಈ ತಂಡದೋರ ಕಪ್ಪು ಬಿಳುಪು ಫೋಟೋ ತೆಗೆದು 2007ರಲ್ಲಿ ಪುಸ್ತಕ ತಂದ್ರು. ಅದರ ಎಷ್ಟೋ ಫೋಟೋದಲ್ಲಿ ಹೆಂಗಸ್ರು ಕ್ಯಾಮೆರಾನ ನೇರ ನೋಡ್ತಾರೆ, ಮೈ ಮಡಿಕೆ ಮುಚ್ಕೊಳೋಕೆ ಹೋಗಿಲ್ಲ. ನಿಮ್ಮ ಲೇಖನದ ಜೊತೆ ಹಾಕಿದ ಫೋಟೋ ನೋಡಿ, ಕುತ್ತಿಗೆಯಿಂದ ಕೆಳಗೆ ಕತ್ತರಿಸಿದೀರಿ. ದಪ್ಪ ಹೆಂಗಸಿನ ಕಾನ್ಫಿಡೆನ್ಸ್ ಬಗ್ಗೆ ಲೇಖನ, ಫೋಟೋದಲ್ಲಿ ಅವಳ ಮೈಯೇ ಇಲ್ಲ!

ಶೋ ಮುಗಿದ್ಮೇಲೆ ಜನ ಬಂದು ಮಾತಾಡ್ಸ್ತಾರೆ. ಪಕ್ಕದಲ್ಲಿ ನಿಂತಿರೋ ತೆಳ್ಳಗಿನ ಹುಡುಗಿಗೆ ಆ ಬೀಸಣಿಗೆ ತಿರುಗ್ಸಿದ್ದು ಸೂಪರ್ ಅಂತಾರೆ, ನಂಗೆ ನೀವು ತುಂಬಾ ಧೈರ್ಯವಂತೆ ಅಂತಾರೆ. ಏನು ಧೈರ್ಯ? ನಾನೇನು ಬೆಂಕಿ ಒಳಗೆ ನುಗ್ಗಿದ್ನಾ? ಇಂಥ ಮೈ ಇಟ್ಕೊಂಡು ನೀನು ಆಚೆ ಬಂದಿದ್ದೇ ದೊಡ್ಡದು ಅನ್ನೋದನ್ನ ಒಳ್ಳೇ ಮಾತಲ್ಲಿ ಸುತ್ತಿ ಕೊಡೋದು ಅದು. ಹೇಳೋರಿಗೆ ಅದು ಗೊತ್ತಿರಲ್ಲ, ಅದಕ್ಕೆ ನಾನು ಥ್ಯಾಂಕ್ಸ್ ಹೇಳಿ ನಗ್ತೀನಿ, ಆದ್ರೆ ಗ್ಲೌಸ್ ಹೆಂಗಿತ್ತು ಅಂತಾನೂ ಕೇಳ್ತೀನಿ, ಆಗ ಅವರಿಗೆ ನೆನಪಾಗುತ್ತೆ, ಅಯ್ಯೋ ಹೌದು ಆ ವಾಪಸ್ ಎಳ್ಕೊಂಡ್ರಲ್ಲ ಅದು ಅಂತ ಶುರು ಮಾಡ್ತಾರೆ. ಅಲ್ಲಿಂದ ಮಾತು ಚೆನ್ನಾಗಿ ಹೋಗುತ್ತೆ.

ಆರೋಗ್ಯದ ಬಗ್ಗೆ ಕಾಳಜಿ ತೋರಿಸಿದ ಓದುಗರಿಗೆ, ನನ್ನ ಬಿಪಿ ಶುಗರ್ ವಿಷಯ ನಂಗೂ ನನ್ನ ಡಾಕ್ಟ್ರಿಗೂ ಬಿಡಿ. ನಾನು ಸ್ಟೇಜ್ ಮೇಲೆ ಗ್ಲೌಸ್ ಬಿಚ್ಚೋಕೆ ಬಂದಿದೀನಿ, ತೂಕ ಹೆಚ್ಚಿಸ್ಕೊಳ್ಳಿ ಅಂತ ಯಾರಿಗೂ ಹೇಳಿಲ್ಲ. ದಿನಾ ಸಿಗರೇಟ್ ಸೇದೋ ತೆಳ್ಳಗಿನ ಡ್ಯಾನ್ಸರ್ ಹತ್ರ ಯಾರೂ ರಿಪೋರ್ಟ್ ಕೇಳಿದ್ದು ನಾನು ಕಂಡಿಲ್ಲ.

ಹಂಗಂತ ನಂಗೆ ಈಗ ಎಲ್ಲಾ ಸರಿಹೋಗಿದೆ ಅಂತ ಬರೀಬೇಡಿ. ಯಾರೋ ಕೆಳಗಿಂದ ತೆಗೆದ ಫೋಟೋ ಕಳಿಸಿದ್ರೆ ಇಡೀ ದಿನ ಹಾಳಾಗುತ್ತೆ ಈಗ್ಲೂ. ಮದುವೆ ಮನೇಲಿ ಉದ್ದ ತೋಳಿನದ್ದೇ ಹಾಕ್ಕೋತೀನಿ ಎಷ್ಟೋ ಸಲ, ಅಲ್ಲಿ ಲೈಟು ನನ್ನ ಕೈಲಿಲ್ಲ, ಹಾಡು ನನ್ನ ಕೈಲಿಲ್ಲ, ನೋಡೋರು ಟಿಕೆಟ್ ತಗೊಂಡು ಬಂದಿಲ್ಲ. ಕ್ಲಾಸಲ್ಲಿ ಇರೋ ತೆಳ್ಳಗಿನೋರ ಕಥೇನೂ ಬೇರೆ ಅಲ್ಲ, ಒಬ್ಬರಿಗೆ ಆಪರೇಷನ್ ಗುರುತು, ಒಬ್ಬರಿಗೆ ಹೆರಿಗೆ ಆದ್ಮೇಲಿನ ಹೊಟ್ಟೆ, ಎಲ್ಲರೂ ಡ್ರೆಸ್ಸಿಂಗ್ ರೂಮಲ್ಲಿ ಗೋಡೆ ಕಡೆ ತಿರುಗೇ ಶುರು ಮಾಡೋದು. ಸ್ವಲ್ಪ ದಿನ ಆದ್ಮೇಲೆ ಕಾರ್ಸೆಟ್ ಹಿಂದಿನ ಲೇಸ್ ಕಟ್ಟೋಕೆ ಇನ್ನೊಬ್ಬರು ಬೇಕೇ ಬೇಕಾಗುತ್ತೆ, ಆಗ ತಿರುಗ್ಲೇಬೇಕು.

ಸಂಪಾದಕರೇ, ಕೇಳ್ಕೊಳೋದು ಇಷ್ಟೇ, ಇನ್ನೊಂದು ಸಲ ನಮ್ಮ ಬಗ್ಗೆ ಬರೆಸಿದ್ರೆ ಶೋ ನೋಡಿದವ್ರ ಹತ್ರ ಬರೆಸಿ. ತೂಕ ಬರೀದಿದ್ರೂ ನಡೆಯುತ್ತೆ, ಯಾವ ಆಕ್ಟ್, ಯಾವ ಥರದ ಹಾಡು, ಎಲ್ಲಿ ನಿಲ್ಲಿಸಿದ್ಲು, ಡ್ರೆಸ್ ಹೊಲಿದೋರು ಯಾರು ಅಂತ ಬರೀರಿ. ಚೆನ್ನಾಗಿಲ್ದಿದ್ರೆ ಚೆನ್ನಾಗಿಲ್ಲ ಅಂತಾನೂ ಬರೀರಿ, ಎಡಗೈ ಗ್ಲೌಸ್ ಅವಸರ ಆಯ್ತು ಅಂತ ಯಾರಾದ್ರೂ ಬರೆದ್ರೆ ನಾನು ಬೇಜಾರು ಮಾಡ್ಕೊಳ್ಳಲ್ಲ, ಎಡಗೈ ಇನ್ನೂ ಸರಿ ಹೋಗಿಲ್ಲ ನಿಜ. ಫೋಟೋ ಮಾತ್ರ ಪೂರ್ತಿ ಹಾಕಿ.

ಇಂತಿ,
ನಿಮ್ಮ ಪತ್ರಿಕೆಯ ಓದುಗರಲ್ಲೊಬ್ಬಳು